ಮೊದಲ ಬಾಡಿಗೆ ಕಟ್ಟಡಕ್ಕೆ ಸಾಲ ಎಷ್ಟು?

"30×40 ಸೈಟು, ಪೂರ್ವದ ಬಾಗಿಲು, ಐದು ಪೋರ್ಷನ್, ಕಾವೇರಿ ನೀರು ಪ್ಲಸ್ ಬೋರ್‌ವೆಲ್, ತಿಂಗಳಿಗೆ 65 ಸಾವಿರ ಬಾಡಿಗೆ, ಬ್ಯಾಂಕ್ ಲೋನ್ ಆಗುತ್ತೆ, ಪಾರ್ಟಿ ಅರ್ಜೆಂಟ್." ಬೆಂಗಳೂರಿನಲ್ಲಿ ಆಸ್ತಿ ಹುಡುಕುತ್ತಿರುವವರ ಫೋನಿಗೆ ಇಂಥ ಸಂದೇಶಗಳು ಬಂದು ಬೀಳುತ್ತಲೇ ಇರುತ್ತವೆ. ನೆಲಮಹಡಿಯಲ್ಲಿ ಎರಡು ಪುಟ್ಟ ಮನೆ, ಅದರ ಮೇಲೆ ಎರಡು ಅಂತಸ್ತು, ತಾರಸಿಯಲ್ಲಿ ನಕ್ಷೆಯಲ್ಲಿ ಇಲ್ಲದ ಇನ್ನೊಂದು. ನಲವತ್ತು ದಾಟಿ, ಒಂದಿಷ್ಟು ದುಡ್ಡು ಕೂಡಿಟ್ಟುಕೊಂಡ ಸಂಬಳದಾರರಿಗೆ ಇಂಥ ಕಟ್ಟಡದಲ್ಲಿ ಪೆನ್ಶನ್ ಕಾಣಿಸುತ್ತದೆ. ಪಕ್ಕದಲ್ಲಿ ನಿಂತ ಬ್ರೋಕರ್ "ಸಾರ್, ಬಾಡಿಗೆನೇ ಇಎಂಐ ಕಟ್ಟುತ್ತೆ" ಅಂದುಬಿಟ್ಟರೆ ಮುಗಿಯಿತು, ಟೋಕನ್ ಅಡ್ವಾನ್ಸಿಗೆ ಕೈ ಜೇಬಿಗೆ ಹೋಗುತ್ತದೆ.

ಆ ಮಾತು ನಿಜವೋ ಸುಳ್ಳೋ ತಿಳಿಯಲು ಕಾಗದ, ಪೆನ್ನು, ಕಾಲು ಗಂಟೆ ಸಾಕು. ಮೊದಲ ಸಲ ಕೊಳ್ಳುವವರಲ್ಲಿ ಹೆಚ್ಚಿನವರು ಬೆಲೆಯಿಂದ ಶುರು ಮಾಡುತ್ತಾರೆ: ಬೆಲೆ ಇಷ್ಟು, ಬ್ಯಾಂಕು ಇಷ್ಟು ಕೊಡುತ್ತದೆ, ಉಳಿದದ್ದು ನಾವು ಹೊಂದಿಸಬೇಕು. ನಾನು ಹೇಳುವ ಕ್ರಮ ಇದರ ತಿರುವುಮುರುವು. ಕಟ್ಟಡದಿಂದ ನಿಜವಾಗಿ ಕೈಗೆ ಉಳಿಯುವ ಬಾಡಿಗೆ ಎಷ್ಟು ಸಾಲವನ್ನು ಹೊರಬಲ್ಲದು ಎಂದು ಮೊದಲು ನೋಡಿ. ಬ್ಯಾಂಕು ಎಷ್ಟು ಕೊಡಲು ತಯಾರಿದೆ ಎಂಬುದು ಆಮೇಲಿನ ಪ್ರಶ್ನೆ.

ಬಾಡಿಗೆಯಿಂದ ಹಿಂದಕ್ಕೆ

ಲೆಕ್ಕಕ್ಕೆಂದು ಒಂದು ಕಟ್ಟಡವನ್ನು ಕಲ್ಪಿಸಿಕೊಳ್ಳೋಣ. ನೆಲಮಹಡಿಯ ಎರಡು ಒಂದು ಬೆಡ್‌ರೂಮಿನ ಮನೆಗಳಿಗೆ ತಲಾ 11,000 ರೂಪಾಯಿ, ಮೊದಲ ಮತ್ತು ಎರಡನೆಯ ಮಹಡಿಯ ಎರಡು ಬೆಡ್‌ರೂಮಿನ ಮನೆಗಳಿಗೆ 17,000 ಮತ್ತು 16,000, ಮೇಲಿನ ಸಣ್ಣ ಮನೆಗೆ 10,000. ಒಟ್ಟು 65,000. ಮಾಲೀಕರು ಕೇಳುವ ಬೆಲೆ 1 ಕೋಟಿ 90 ಲಕ್ಷ.

ವರ್ಷಕ್ಕೆ ಬಾಡಿಗೆ 7.8 ಲಕ್ಷ. ಇಷ್ಟೂ ಕೈಗೆ ಬರುವುದಿಲ್ಲ. ಐದು ಮನೆ ಅಂದಮೇಲೆ ಯಾವುದಾದರೂ ಒಂದು ಖಾಲಿ ಬೀಳುತ್ತದೆ, ಪೇಂಟ್ ಹೊಡೆಸುವ ತನಕ ಬೀಗ ಹಾಕಿರುತ್ತದೆ. ಹಾಗಾಗಿ ಒಂದು ತಿಂಗಳ ಪೂರ್ತಿ ಬಾಡಿಗೆಯನ್ನು, ಅಂದರೆ 65,000 ರೂಪಾಯಿಯನ್ನು ಮೊದಲೇ ಕಳೆಯಿರಿ. ಆಸ್ತಿ ತೆರಿಗೆಗೆ 25,000 ಇಡಿ. ಸ್ವಂತ ವಾಸದ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಗೆ ಬೆಂಗಳೂರಿನಲ್ಲಿ ತೆರಿಗೆ ದರ ಹೆಚ್ಚು. ಮೋಟರ್ ಸುಟ್ಟುಹೋಗುವುದು, ಸಂಪು ತೊಳೆಸುವುದು, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಬಚ್ಚಲಿನಿಂದ ಕೆಳಮನೆಯ ಸೂರಿಗೆ ಇಳಿಯುವ ತೇವ, ಇವಕ್ಕೆಲ್ಲ ಸೇರಿ 60,000. ಒಟ್ಟು ಒಂದೂವರೆ ಲಕ್ಷ ಹೋಯಿತು. ಉಳಿದದ್ದು 6.3 ಲಕ್ಷ, ತಿಂಗಳಿಗೆ 52,500.

ಈಗ ಸಾಲ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಒಂದು ಲಕ್ಷ ಸಾಲದ ಇಎಂಐ ಸುಮಾರು 868 ರೂಪಾಯಿ. ಈ ಒಂದು ಅಂಕಿ ನೆನಪಿದ್ದರೆ ಕ್ಯಾಲ್ಕುಲೇಟರ್ ಆ್ಯಪ್ ಬೇಡ. 52,500ನ್ನು 868ರಿಂದ ಭಾಗಿಸಿದರೆ 60 ಚಿಲ್ಲರೆ ಬರುತ್ತದೆ. ಅಂದರೆ ಈ ಕಟ್ಟಡದ ಬಾಡಿಗೆ ತಾನಾಗಿ ತೀರಿಸಬಲ್ಲ ಸಾಲ 60 ಲಕ್ಷ. ಬೆಲೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಬ್ಯಾಂಕು ಎಷ್ಟು ಕೊಡಬಲ್ಲದು? ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷದವರೆಗೆ ಇದ್ದರೆ ಆಸ್ತಿ ಮೌಲ್ಯದ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲ್ಪಟ್ಟರೆ ಶೇ. 75 ಮಿತಿ. 1.9 ಕೋಟಿಗೆ ಶೇ. 75 ಅಂದರೆ 1 ಕೋಟಿ 42.5 ಲಕ್ಷ. ಅದರ ಇಎಂಐ ತಿಂಗಳಿಗೆ 1,23,600 ದಾಟುತ್ತದೆ. ಬಾಡಿಗೆಯಲ್ಲಿ ಉಳಿಯುವ 52,500 ಕಳೆದರೆ ಪ್ರತಿ ತಿಂಗಳೂ 71,000 ರೂಪಾಯಿ ಸಂಬಳದಿಂದ ಹೋಗಬೇಕು, ಅದೂ 20 ವರ್ಷ. "ಬಾಡಿಗೆನೇ ಇಎಂಐ ಕಟ್ಟುತ್ತೆ" ಅನ್ನುವ ಮಾತಿನ ಅಸಲು ಇಷ್ಟು.

ಇದು ಈ ಒಂದು ಕಟ್ಟಡದ ದೋಷ ಅಲ್ಲ. ನಮ್ಮ ಊರುಗಳಲ್ಲಿ ವಸತಿ ಕಟ್ಟಡದ ವಾರ್ಷಿಕ ಬಾಡಿಗೆ ಬೆಲೆಯ ಶೇ. 3ರಿಂದ 4ರ ಆಸುಪಾಸಿನಲ್ಲಿ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಖರ್ಚು ಕಳೆಯುವ ಮೊದಲು ಶೇ. 4.1. ಸಾಲದ ಬಡ್ಡಿ ಅದರ ಎರಡು ಪಟ್ಟು. ಹೀಗಿರುವಾಗ ಸಾಲ ಹೆಚ್ಚಾದಷ್ಟೂ ಕೈಯಿಂದ ಹೋಗುವುದು ಹೆಚ್ಚು. ಯೂಟ್ಯೂಬಿನಲ್ಲಿ ಅಮೆರಿಕದ ಡ್ಯೂಪ್ಲೆಕ್ಸ್, ಫೋರ್‌ಪ್ಲೆಕ್ಸ್ ಕತೆ ಕೇಳಿ "ಬೇರೆಯವರ ದುಡ್ಡಿನಲ್ಲಿ ಆಸ್ತಿ" ಅನ್ನುವ ಉಪದೇಶವನ್ನು ಇಲ್ಲಿಗೆ ತರುವವರು ಇದನ್ನು ಗಮನಿಸುವುದಿಲ್ಲ. ಅಲ್ಲಿ ನಾಲ್ಕು ಮನೆಗಳವರೆಗಿನ ಕಟ್ಟಡವನ್ನು ಸಾಮಾನ್ಯ ಗೃಹಸಾಲದಲ್ಲೇ ಕೊಳ್ಳಬಹುದು. ಒಂದು ಮನೆಯಲ್ಲಿ ತಾವೇ ಇರುವುದಾದರೆ ಅಲ್ಲಿನ ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲಕ್ಕೆ ಶೇ. 3.5 ಕೈಯಿಂದ ಹಾಕಿದರೂ ನಡೆಯುತ್ತದೆ. ನ್ಯೂಜೆರ್ಸಿಯಲ್ಲಿರುವ ತಮ್ಮ ಹಾಗೆ ಮಾಡಿದ ಎಂದು ನಾಗರಬಾವಿಯಲ್ಲಿರುವ ಅಣ್ಣ ಮಾಡಲು ಹೊರಟರೆ ಇಲ್ಲಿನ ಬಾಡಿಗೆಯೂ ಒಪ್ಪುವುದಿಲ್ಲ, ಇಲ್ಲಿನ ಬ್ಯಾಂಕೂ ಒಪ್ಪುವುದಿಲ್ಲ.

ಹಾಗಾದರೆ ಕೊಳ್ಳಲೇಬಾರದೆ? ಕೊಳ್ಳಬಹುದು, ಕೊರತೆ ಎಷ್ಟೆಂದು ಗೊತ್ತಿಟ್ಟುಕೊಂಡು. ಸಂಬಳದಿಂದ ತಿಂಗಳಿಗೆ 30,000 ಹಾಕಲು ತಯಾರಿದ್ದರೆ ಅದು ಇನ್ನೂ ಸುಮಾರು 34 ಲಕ್ಷ ಸಾಲವನ್ನು ಹೊರುತ್ತದೆ. ಆಗ ಒಟ್ಟು ಸಾಲ 95 ಲಕ್ಷದ ಹತ್ತಿರ ಬರುತ್ತದೆ. ಆ 30,000 ಬೆಲೆ ಏರುತ್ತದೆಂಬ ನಂಬಿಕೆಯ ಮೇಲೆ ನೀವು ತಿಂಗಳು ತಿಂಗಳು ಕಟ್ಟುವ ಚೀಟಿ ಇದ್ದ ಹಾಗೆ. ಮನೆಯವರಿಗೂ ಅದನ್ನು ಹಾಗೆಂದೇ ಹೇಳಿಬಿಡಿ, ಆದಾಯ ಎಂದು ಹೇಳಬೇಡಿ.

ಒಂದು ಮಹಡಿಯಲ್ಲಿ ನೀವೇ ವಾಸಕ್ಕೆ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ. ಈಗ ನೀವು ಬೇರೆ ಕಡೆ 25,000 ಬಾಡಿಗೆ ಕೊಡುತ್ತಿದ್ದೀರಿ ಅನ್ನಿ. ಮೊದಲ ಮಹಡಿಗೆ ನೀವು ಬಂದರೆ 17,000 ಬಾಡಿಗೆ ತಪ್ಪುತ್ತದೆ, 25,000 ಉಳಿಯುತ್ತದೆ. ಈ ಹೊಸ ಲೆಕ್ಕದಲ್ಲಿ ಕಟ್ಟಡ ಹೊರುವ ಸಾಲ 70 ಲಕ್ಷದ ಆಸುಪಾಸಿಗೆ ಬರುತ್ತದೆ. ಬಾಡಿಗೆದಾರರ ಜೊತೆ ಒಂದೇ ಮೆಟ್ಟಿಲು ಹತ್ತಿ ಇಳಿಯುವ ಕಿರಿಕಿರಿ ಇದ್ದೇ ಇದೆ. ಆದರೆ ಮೊದಲ ಕಟ್ಟಡಕ್ಕೆ ಇದಕ್ಕಿಂತ ಭದ್ರವಾದ ದಾರಿ ನನಗೆ ತೋಚುವುದಿಲ್ಲ. ನೀರು ಯಾವಾಗ ಬರುತ್ತದೆ, ಯಾವ ಪೈಪು ಸೋರುತ್ತದೆ ಎಂಬುದು ಅಲ್ಲೇ ಇದ್ದವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ.

ಕೈಯಿಂದ ಹೋಗುವ ದುಡ್ಡು

ಬೆಲೆಯಲ್ಲಿ ಸಾಲ ಕಳೆದರೆ ಉಳಿಯುವುದು ನಮ್ಮ ಪಾಲು ಎಂದು ಲೆಕ್ಕ ಹಾಕಿದರೆ ನೋಂದಣಿ ಕಚೇರಿಯಲ್ಲಿ ಬೆವರಬೇಕಾಗುತ್ತದೆ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿತು. ಒಟ್ಟು ಶೇ. 7.6. ನಮ್ಮ 1.9 ಕೋಟಿಯ ಕಟ್ಟಡಕ್ಕೆ ಇದು 14 ಲಕ್ಷದ 44 ಸಾವಿರ. ಇದಕ್ಕೆ ಗೃಹಸಾಲ ಸಿಗುವುದಿಲ್ಲ, ಪೂರ್ತಿ ಕೈಯಿಂದಲೇ. ಬ್ರೋಕರ್ ಕಮಿಷನ್ ಶೇ. 1 ಅಂದರೂ 1.9 ಲಕ್ಷ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಮೂಲಪತ್ರ ಅಡವಿಡುವಾಗಿನ ಎಂಓಡಿ ಶುಲ್ಕ ಬೇರೆ. 60 ಲಕ್ಷ ಸಾಲ ಅಂದುಕೊಂಡರೆ ಕೈಯಿಂದ ಬೇಕಾಗುವುದು ಒಂದು ಕೋಟಿ 46–47 ಲಕ್ಷ; 95 ಲಕ್ಷ ಸಾಲ ಅಂದರೂ ಒಂದು ಕೋಟಿ ಹತ್ತು ಲಕ್ಷದ ಮೇಲೆ.

ಇಷ್ಟು ದುಡ್ಡು ಸಂಬಳದಲ್ಲಿ ಕೂಡಿಟ್ಟು ತರುವವರು ವಿರಳ. ಹೆಚ್ಚಾಗಿ ಎಲ್ಲೋ ಒಂದು ಹಳೆಯ ಸೈಟು ಮಾರಿ, ಊರಿನ ಜಮೀನಿನ ಪಾಲು ತಂದು, ಪಿಎಫ್ ಸೇರಿಸಿ, ಚೀಟಿ ಎತ್ತಿ ಹೊಂದಿಸುತ್ತಾರೆ. ಹಳೆಯ ಸೈಟು ಮಾರುವವರು ಬಂಡವಾಳ ಲಾಭದ ತೆರಿಗೆಯನ್ನು ಮೊದಲೇ ತೆಗೆದಿಡಬೇಕು. 2024ರ ಜುಲೈ 23ರ ನಂತರದ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ ಶೇ. 12.5 ತೆರಿಗೆ, ಅದಕ್ಕೂ ಮೊದಲು ಕೊಂಡ ಆಸ್ತಿಯಾದರೆ ಇಲ್ಲಿನ ನಿವಾಸಿಗಳು ಹಳೆಯ ಸೂಚ್ಯಂಕದ ಲೆಕ್ಕದ ಶೇ. 20ರ ಜೊತೆ ಹೋಲಿಸಿ ಕಡಿಮೆ ಬರುವುದನ್ನು ಕಟ್ಟಬಹುದು. ಮಾರಿದ ಹಣದಲ್ಲಿ ಮನೆ ಕೊಂಡರೆ ವಿನಾಯಿತಿ ಇದೆ. ಆದರೆ ಐದು ಪೋರ್ಷನ್ ಇರುವ ಕಟ್ಟಡವನ್ನು ಒಂದೇ ಮನೆ ಎಂದು ತೆರಿಗೆ ಇಲಾಖೆ ಒಪ್ಪುತ್ತದೆಯೇ ಎಂಬುದು ವ್ಯಾಜ್ಯಕ್ಕೆ ಎಡೆ ಇರುವ ವಿಷಯ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆಡಿಟರ್ ಹತ್ತಿರ ಹೋಗಿ ಬನ್ನಿ. ಪರ್ಸನಲ್ ಲೋನ್ ತೆಗೆದು ಕೈಯ ಪಾಲು ತುಂಬಿಸುವ ಉಪಾಯ ಮಾತ್ರ ಬೇಡ. ಆ ಸಾಲದ ಕಂತನ್ನು ಬ್ಯಾಂಕು ನಿಮ್ಮ ಗೃಹಸಾಲದ ಅರ್ಹತೆಯಲ್ಲಿ ಕಳೆದುಬಿಡುತ್ತದೆ.

ಇಲ್ಲೇ ಬರುತ್ತದೆ ಬ್ಲ್ಯಾಕ್ ಅಂಡ್ ವೈಟ್ ಮಾತು. "ರಿಜಿಸ್ಟ್ರೇಷನ್‌ಗೆ 1.2 ಕೋಟಿ ತೋರಿಸೋಣ, ಉಳಿದ 70 ಕ್ಯಾಶ್ ಕೊಡಿ" ಎನ್ನುವ ಮಾಲೀಕರು ಇದ್ದಾರೆ. ಶುಲ್ಕ ಉಳಿಯುತ್ತದೆ ಅಂತ ಕೊಳ್ಳುವವರಿಗೂ ಆಸೆ ಹುಟ್ಟುತ್ತದೆ. ಕಾನೂನಿನ ಮಾತು ಹಾಗಿರಲಿ (ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಗದು ನಿಷಿದ್ಧ, ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ), ಸಾಲದ ಲೆಕ್ಕದಲ್ಲೇ ಇದು ನಷ್ಟ. ಒಪ್ಪಂದದ ಬೆಲೆ ಮತ್ತು ಮೌಲ್ಯಮಾಪಕರ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಬ್ಯಾಂಕು ಶೇಕಡಾವಾರು ಹಾಕುತ್ತದೆ. ಪತ್ರದಲ್ಲಿ ಬೆಲೆ ಇಳಿದರೆ ಸಾಲವೂ ಇಳಿಯುತ್ತದೆ. ನಾಳೆ ನೀವು ಮಾರುವಾಗ ಆ 70 ಲಕ್ಷವೂ ನಿಮ್ಮ ಲಾಭವೆಂದು ಎಣಿಕೆಯಾಗುತ್ತದೆ.

ಬ್ಯಾಂಕಿನ ಇಂಜಿನಿಯರ್ ಬಂದಾಗ

ಅರ್ಜಿ ಕೊಟ್ಟ ಮೇಲೆ ಬ್ಯಾಂಕು ಎರಡು ವರದಿ ತರಿಸುತ್ತದೆ: ವಕೀಲರ ಅಭಿಪ್ರಾಯ ಮತ್ತು ಮೌಲ್ಯಮಾಪನ. ಬಾಡಿಗೆ ಕಟ್ಟಡಗಳ ಸಾಲ ಮುಗ್ಗರಿಸುವುದು ಹೆಚ್ಚಾಗಿ ಎರಡನೆಯದರಲ್ಲಿ.

30×40 ಸೈಟಿನಲ್ಲಿ ನಕ್ಷೆಯಂತೆ ಸುತ್ತಲೂ ಜಾಗ ಬಿಟ್ಟು ಕಟ್ಟಿದ ಬಾಡಿಗೆ ಕಟ್ಟಡವನ್ನು ಹುಡುಕಿ ತೋರಿಸುವುದು ಕಷ್ಟ. ನೆಲ ಮತ್ತು ಎರಡು ಮಹಡಿಗೆ ಮಂಜೂರಾತಿ ಪಡೆದು ಮೂರು ನಾಲ್ಕು ಕಟ್ಟಿರುತ್ತಾರೆ. ಬಾಡಿಗೆ ಅಷ್ಟೂ ಮಹಡಿಗಳಿಂದ ಬರುತ್ತದೆ, ಬೆಲೆಯನ್ನೂ ಮಾಲೀಕರು ಅಷ್ಟಕ್ಕೂ ಸೇರಿಸಿ ಕೇಳುತ್ತಾರೆ. ಮೌಲ್ಯಮಾಪಕರು ಮಾತ್ರ ಮಂಜೂರಾದ ಮಹಡಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮ ಉದಾಹರಣೆಯ ಮೇಲಿನ ಸಣ್ಣ ಮನೆ ಅವರ ವರದಿಯಲ್ಲಿ ಇರುವುದೇ ಇಲ್ಲ. 1.9 ಕೋಟಿಯ ಒಪ್ಪಂದಕ್ಕೆ ಅವರು 1.6 ಕೋಟಿ ಬರೆದರೆ ಸಾಲದ ಗರಿಷ್ಠ ಮಿತಿ 1.2 ಕೋಟಿಗೆ ಇಳಿಯುತ್ತದೆ. ನಾನಂತೂ ಇದನ್ನು ಬ್ಯಾಂಕಿನ ತಕರಾರು ಅನ್ನುವುದಿಲ್ಲ. ಅಕ್ರಮ ಮಹಡಿಗೆ ನೀವು ಸಕ್ರಮದ ಬೆಲೆ ಕೊಡುತ್ತಿದ್ದೀರಿ ಎಂದು ಪುಕ್ಕಟೆಯಾಗಿ ಸಿಕ್ಕ ಎಚ್ಚರಿಕೆ ಅದು. ಬೆಲೆ ಚೌಕಾಶಿಗೆ ಆ ವರದಿಯನ್ನೇ ಮುಂದಿಡಿ.

ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ನಂತರ ಈ ವಿಷಯ ಇನ್ನೂ ಬಿಗಿಯಾಗಿದೆ. ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಎಂಬ ಪ್ರಮಾಣಪತ್ರ ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು, ನೀರು ವಿದ್ಯುತ್ ಸಂಪರ್ಕವೂ ಆಮೇಲೆಯೇ ಎಂದು ಅದು ಹೇಳಿತು. ಕಾಗದದ ಮಾತು ಹಾಗಿರಲಿ, ಜೀವದ ಮಾತೂ ಇದೆ. 2024ರ ಅಕ್ಟೋಬರಿನ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಎರಡು ಮಹಡಿಗೆ ಹಾಕಿದ ಪಾಯದ ಮೇಲೆ ನಾಲ್ಕನೆಯದು ಕೂತಿದೆಯೇ ಎಂದು ನಿಮ್ಮದೇ ಖರ್ಚಿನಲ್ಲಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ ನೋಡಿಸಿ. ಬ್ಯಾಂಕಿನವರು ಬಂದು ಹೋದದ್ದು ಬ್ಯಾಂಕಿನ ಹಿತಕ್ಕೆ.

ಖಾತೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ರಾಷ್ಟ್ರೀಕೃತ ಬ್ಯಾಂಕುಗಳು ಎ ಖಾತೆ ಕೇಳುತ್ತವೆ. ಬಿ ಖಾತೆ ಆಸ್ತಿಗೆ ಸಾಲ ಕೊಡುವ ಕೆಲವು ಫೈನಾನ್ಸ್ ಕಂಪನಿಗಳು, ಸಹಕಾರ ಸಂಘಗಳು ಇವೆ, ಬಡ್ಡಿ ಹೆಚ್ಚು. ಆ ಹೆಚ್ಚಿನ ಬಡ್ಡಿಗೆ ಮೇಲಿನ ಲೆಕ್ಕ ಮತ್ತೊಮ್ಮೆ ಹಾಕಿ: ಶೇ. 11ಕ್ಕೆ ಲಕ್ಷದ ಇಎಂಐ 1,032 ರೂಪಾಯಿ, ಅದೇ 52,500 ಹೊರುವುದು 51 ಲಕ್ಷ ಮಾತ್ರ. ಉಳಿದಂತೆ ಮೂಲಪತ್ರಗಳ ಸರಣಿ, 30 ವರ್ಷದ ಇಸಿ, ಭೂಪರಿವರ್ತನೆ ಆದೇಶ, ವಂಶವೃಕ್ಷ, ತೆರಿಗೆ ರಸೀದಿ ಇವನ್ನು ನಿಮ್ಮ ವಕೀಲರು ನೋಡಲಿ. ಮಾಲೀಕರು ಆಗಲೇ ಸಾಲ ಮಾಡಿದ್ದರೆ ಪತ್ರಗಳು ಅವರ ಬ್ಯಾಂಕಿನಲ್ಲಿರುತ್ತವೆ. ನಿಮ್ಮ ಬ್ಯಾಂಕು ನೇರವಾಗಿ ಆ ಬ್ಯಾಂಕಿಗೆ ಚೆಕ್ ಕೊಟ್ಟು ಪತ್ರ ಬಿಡಿಸಿಕೊಳ್ಳುವ ವ್ಯವಸ್ಥೆ ಇದೆ. ಮಾಲೀಕರ ಕೈಗೆ ದುಡ್ಡು ಕೊಟ್ಟು "ನೀವೇ ಬಿಡಿಸಿಕೊಂಡು ಬನ್ನಿ" ಅನ್ನಬೇಡಿ.

ಕೆಲವು ಬ್ಯಾಂಕುಗಳು ಸಣ್ಣ ಸಣ್ಣ ರೂಮುಗಳ ಕಟ್ಟಡವನ್ನೂ ಪಿಜಿ ನಡೆಯುತ್ತಿರುವ ಕಟ್ಟಡವನ್ನೂ ವಾಣಿಜ್ಯ ಎಂದು ಪರಿಗಣಿಸಿ ಗೃಹಸಾಲದ ದರ ನಿರಾಕರಿಸುತ್ತವೆ. ಹಾಗಾಗಿ ಟೋಕನ್ ಕೊಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ, ನಿಮ್ಮ ಆದಾಯಕ್ಕೆ ಎಷ್ಟು ಮಂಜೂರಾಗುತ್ತದೆ ಎಂಬ ಪತ್ರ ಪಡೆಯಿರಿ. ಸಂಬಳದ ಅರ್ಧದಷ್ಟನ್ನು ಎಲ್ಲ ಕಂತುಗಳಿಗೂ ಸೇರಿಸಿ ಮಿತಿಯೆಂದು ಹಿಡಿಯುವುದು ರೂಢಿ. ಬರಲಿರುವ ಬಾಡಿಗೆಯನ್ನು ಆದಾಯವೆಂದು ಎಣಿಸುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಎಣಿಸುವವರೂ ಪೂರ್ತಿ ಎಣಿಸುವುದಿಲ್ಲ. ಕರಾರು ಪತ್ರದಲ್ಲಿ "ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ಪೂರ್ತಿ ವಾಪಸ್" ಎಂಬ ಸಾಲು ಇರಲೇಬೇಕು. ಮಾಲೀಕರು ಅದಕ್ಕೆ ಒಪ್ಪದಿದ್ದರೆ ಕಟ್ಟಡದ ಕಾಗದದ ಬಗ್ಗೆ ಅವರಿಗೇ ಅನುಮಾನ ಇದೆ ಎಂದುಕೊಳ್ಳಿ.

ಲೀಸಿನ ಮೋಹ

ಬೆಂಗಳೂರಿನಲ್ಲಿ ಕೈಯ ಪಾಲು ಹೊಂದಿಸಲು ಎಲ್ಲರೂ ಮೊದಲು ಹೇಳಿಕೊಡುವ ದಾರಿ ಲೀಸು. ಬಾಡಿಗೆದಾರರು ಒಂದೇ ಗಂಟಿನಲ್ಲಿ 12, 15, 20 ಲಕ್ಷ ಕೊಡುತ್ತಾರೆ, ಎರಡು ಮೂರು ವರ್ಷ ಬಾಡಿಗೆ ಇಲ್ಲ, ಹೋಗುವಾಗ ಬಡ್ಡಿಯಿಲ್ಲದೆ ಪೂರ್ತಿ ದುಡ್ಡು ವಾಪಸ್. ಹಳ್ಳಿಯ ಭೋಗ್ಯದ ನಗರದ ರೂಪ. ಬಡ್ಡಿಯಿಲ್ಲದ ದುಡ್ಡು ಎಂದು ಮಾಲೀಕರಿಗೂ ಬಾಡಿಗೆಯಿಲ್ಲದ ಮನೆ ಎಂದು ಬಾಡಿಗೆದಾರರಿಗೂ ಖುಷಿ.

ಮಾಲೀಕರ ಖುಷಿಗೆ ಲೆಕ್ಕದ ಆಧಾರ ಇಲ್ಲ. 16,000 ಬಾಡಿಗೆಯ ಮನೆಯನ್ನು 15 ಲಕ್ಷಕ್ಕೆ ಲೀಸಿಗೆ ಕೊಟ್ಟಿರಿ ಅನ್ನಿ. ವರ್ಷಕ್ಕೆ ಬಿಟ್ಟುಕೊಟ್ಟ ಬಾಡಿಗೆ 1.92 ಲಕ್ಷ. 15 ಲಕ್ಷಕ್ಕೆ ಅದು ಶೇ. 12.8 ಬಡ್ಡಿ. ಬ್ಯಾಂಕು ಶೇ. 8.5ಕ್ಕೆ ಕೊಡುವಾಗ ನೀವು ಬಾಡಿಗೆದಾರರಿಂದ ಶೇ. 12.8ಕ್ಕೆ ಸಾಲ ತಂದಿರಿ. ಮೇಲಾಗಿ ಬ್ಯಾಂಕಿನ ಸಾಲದ ಅಸಲು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕರಗುತ್ತದೆ. ಲೀಸಿನ ಅಸಲು ಮೂರು ವರ್ಷದ ನಂತರವೂ ಅಷ್ಟೇ ನಿಂತಿರುತ್ತದೆ, ಅದನ್ನು ಒಂದೇ ದಿನ ಎಣಿಸಿ ಕೊಡಬೇಕು. ಬಂದ ಗಂಟು ಕಟ್ಟಡದ ಬೆಲೆಗೆ ಸೇರಿಹೋಗಿರುವುದರಿಂದ ಮುಂದಿನ ಲೀಸುದಾರರು ಸಿಕ್ಕರೆ ಮಾತ್ರ ಹಿಂದಿನವರಿಗೆ ಬಿಡುಗಡೆ. ಐದು ಮನೆಯನ್ನೂ ಲೀಸಿಗೆ ಕೊಟ್ಟ ಕಟ್ಟಡದಲ್ಲಿ ಬಾಡಿಗೆ ಸೊನ್ನೆ, ಇಎಂಐ ಮಾತ್ರ ನಡೆಯುತ್ತಿರುತ್ತದೆ.

ಬ್ಯಾಂಕಿಗೆ ಅಡವಿಟ್ಟ ಕಟ್ಟಡವನ್ನು ಅದರ ಒಪ್ಪಿಗೆಯಿಲ್ಲದೆ ಹೀಗೆ ಲೀಸಿಗೆ ಕೊಡುವುದು ಸಾಮಾನ್ಯವಾಗಿ ಸಾಲದ ಕರಾರಿನ ಉಲ್ಲಂಘನೆ ಕೂಡ. ಕಂತು ತಪ್ಪಿ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ನೋಟಿಸು ಅಂಟಿಸಿದ ದಿನ ಬೀದಿಗೆ ಬರುವುದು ಜೀವಮಾನದ ಉಳಿತಾಯ ಕೊಟ್ಟ ಆ ಲೀಸಿನ ಕುಟುಂಬ. ತುರ್ತಿಗೆ ಒಂದು ಮನೆಯನ್ನು, ಬ್ಯಾಂಕಿಗೆ ತಿಳಿಸಿ, ನೋಂದಾಯಿತ ಪತ್ರದ ಮೂಲಕ ಲೀಸಿಗೆ ಕೊಟ್ಟರೆ ನಾನು ಬೇಡವೆನ್ನುವುದಿಲ್ಲ. ಕೈಯ ಪಾಲನ್ನೇ ಲೀಸಿನಿಂದ ಕಟ್ಟುವ ಯೋಜನೆ ಹಾಕಿದವರಿಗೆ ಆ ಕಟ್ಟಡ ಅವರ ಕೈಗೆ ಮೀರಿದ್ದು.

ಇದೇ ವಿಷಯದ ಇನ್ನೊಂದು ಮುಖ: ನೀವು ಕೊಳ್ಳುತ್ತಿರುವ ಕಟ್ಟಡದಲ್ಲಿ ಈಗಾಗಲೇ ಇರುವವರ ಅಡ್ವಾನ್ಸು. ಐದು ಮನೆಯ ಬಾಡಿಗೆದಾರರು ಕೊಟ್ಟ ಮುಂಗಡ ಸೇರಿದರೆ ನಾಲ್ಕೈದು ಲಕ್ಷ ಸುಲಭವಾಗಿ ಆಗುತ್ತದೆ. ಅದರಲ್ಲಿ ಒಬ್ಬರು ಲೀಸಿನವರಾದರೆ ಮೊತ್ತ 20 ಲಕ್ಷ ಮುಟ್ಟುತ್ತದೆ. ಆ ದುಡ್ಡು ಹಳೆಯ ಮಾಲೀಕರ ಜೇಬಿನಲ್ಲಿದೆ, ವಾಪಸ್ ಕೇಳುವುದು ನಿಮ್ಮನ್ನು. ಪ್ರತಿಯೊಂದು ಮನೆಯ ಕರಾರು ಪತ್ರ ನೋಡಿ, ಬಾಡಿಗೆದಾರರ ಬಾಯಿಂದಲೇ ಕೇಳಿ ಖಚಿತಪಡಿಸಿಕೊಂಡು, ಅಷ್ಟನ್ನೂ ಬೆಲೆಯಲ್ಲಿ ಮುರಿದುಕೊಂಡು, ಕ್ರಯ ಕರಾರಿನಲ್ಲಿ ಬರೆಸಿ. ಬ್ರೋಕರ್ ಹೇಳುವ "65 ಸಾವಿರ ಬಾಡಿಗೆ"ಯಲ್ಲಿ ಲೀಸಿಗೆ ಕೊಟ್ಟ ಮನೆಯ "ಬರಬಹುದಾದ" ಬಾಡಿಗೆಯೂ ಸೇರಿದೆಯೇ ಎಂಬುದು ಅದೇ ಭೇಟಿಯಲ್ಲಿ ಗೊತ್ತಾಗುತ್ತದೆ.

ಮೀಟರುಗಳನ್ನೂ ಆಗಲೇ ಎಣಿಸಿ. ಪ್ರತಿ ಮನೆಗೂ ಬೇರೆ ಆರ್‌ಆರ್ ನಂಬರ್ ಇದ್ದರೆ ಬಾಡಿಗೆದಾರರು ಗೃಹಜ್ಯೋತಿಯ ಲಾಭ ಪಡೆಯಬಹುದು, ಹಾಗಾಗಿ ಅಂಥ ಮನೆ ಬೇಗ ಹೋಗುತ್ತದೆ. ಒಂದೇ ಮೀಟರಿನಿಂದ ಐದು ಮನೆಗೆ ಸಬ್ ಮೀಟರ್ ಎಳೆದಿದ್ದರೆ ಪ್ರತಿ ತಿಂಗಳೂ ಬಿಲ್ಲಿನ ಜಗಳ ನಿಮ್ಮ ಪಾಲಿಗೆ.

ಬಡ್ಡಿ ಏರಿದರೆ

2019ರ ಅಕ್ಟೋಬರಿನಿಂದ ಬ್ಯಾಂಕುಗಳ ಬದಲಾಗುವ ಬಡ್ಡಿಯ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊ ದರಕ್ಕೆ ಕೊಂಡಿ ಹಾಕಿಕೊಂಡಿವೆ. 2025ರಲ್ಲಿ ರೆಪೊ ಇಳಿದದ್ದರಿಂದ ಸಾಲಗಾರರಿಗೆ ಹಾಯೆನಿಸಿತು. ಆದರೆ 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಅದೇ ರೆಪೊ ಶೇ. 4ರಿಂದ 6.5ಕ್ಕೆ ಹಾರಿತ್ತು. 20 ವರ್ಷದ ಸಾಲದಲ್ಲಿ ಅಂಥದ್ದು ಮತ್ತೆ ಬಂದೇ ಬರುತ್ತದೆ ಎಂದುಕೊಂಡು ಎರಡು ಶೇಕಡಾ ಹೆಚ್ಚಿಸಿ ಲೆಕ್ಕ ಹಾಕಿ ನೋಡಿ. 95 ಲಕ್ಷ ಸಾಲಕ್ಕೆ ಶೇ. 8.5ರಲ್ಲಿ ಇಎಂಐ 82,400, ಶೇ. 10.5ರಲ್ಲಿ 94,800. ಆ 12,400ನ್ನು ಬಾಡಿಗೆದಾರರ ಮೇಲೆ ಹಾಕಲು ಬರುವುದಿಲ್ಲ. ಬ್ಯಾಂಕು ಕಂತು ಏರಿಸುವ ಬದಲು ಅವಧಿ ಎಳೆದರೆ ನಿವೃತ್ತಿಯ ನಂತರವೂ ಕಟ್ಟುತ್ತಿರಬೇಕು. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಇಲ್ಲ ಎಂಬುದು ಸಮಾಧಾನದ ಸಂಗತಿ. ಬೋನಸ್ ಬಂದಾಗ ಅಸಲಿಗೆ ಹಾಕಿ. ಆರು ತಿಂಗಳ ಇಎಂಐಯಷ್ಟು ಹಣ ಮಾತ್ರ ಮುಟ್ಟದೆ ಬೇರೆ ಇರಲಿ.

ತೆರಿಗೆಯಲ್ಲಿ ಬಾಡಿಗೆ ಆದಾಯಕ್ಕೆ ಸ್ವಲ್ಪ ಕರುಣೆ ಇದೆ. ಬಂದ ಬಾಡಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ಲೆಕ್ಕ ಕೇಳದೆ ಬಿಡುತ್ತಾರೆ, ಮೇಲೆ ಸಾಲದ ಬಡ್ಡಿಯೂ ಕಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಕೈಗೆ ಬಂದ 7.15 ಲಕ್ಷದಲ್ಲಿ ತೆರಿಗೆ, ಶೇ. 30 ಹೋದರೆ 4.83 ಲಕ್ಷ, 60 ಲಕ್ಷ ಸಾಲದ ಮೊದಲ ವರ್ಷದ ಬಡ್ಡಿಯೇ ಸುಮಾರು 5 ಲಕ್ಷ. ಹಾಗಾಗಿ ಮೊದಮೊದಲು ಬಾಡಿಗೆಗೆ ತೆರಿಗೆ ಬೀಳುವುದಿಲ್ಲ. ಸಾಲ ಹೆಚ್ಚಿದ್ದು ದೊಡ್ಡ ನಷ್ಟ ತೋರಿದರೆ, ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಜೊತೆ ಹೊಂದಿಸಬಹುದು, ಹೊಸ ಪದ್ಧತಿಯಲ್ಲಿ ಅದಿಲ್ಲ. ತೆರಿಗೆ ಉಳಿತಾಯಕ್ಕೆಂದೇ ಸಾಲ ಹೆಚ್ಚಿಸಿ ಎನ್ನುವವರ ಮಾತಿಗೆ ಹೊಸ ಪದ್ಧತಿಯಲ್ಲಿ ಅರ್ಥ ಉಳಿದಿಲ್ಲ.

ದುಡ್ಡು ಸಾಲದಿದ್ದರೆ

ಒಂದು ಕೋಟಿ ಕೈಯಲ್ಲಿ ಇಲ್ಲದವರೇ ಹೆಚ್ಚು. ಅವರಿಗೆ ನನ್ನ ಮೊದಲ ಸಲಹೆ, ಸಿದ್ಧ ಕಟ್ಟಡ ಹುಡುಕುವುದನ್ನು ಬಿಟ್ಟು ಈಗಿರುವ ಸ್ವಂತ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸಬಹುದೇ ಎಂದು ನೋಡುವುದು. ನೆಲದ ಬೆಲೆ ಆಗಲೇ ಕೊಟ್ಟಾಗಿದೆ. ಹೊಸದಾಗಿ ಹಾಕುವುದು ಕಟ್ಟುವ ಖರ್ಚು ಮಾತ್ರ. ಎಂಟು ಚದರದ ಮನೆ, ಚದರಕ್ಕೆ ಎರಡೂವರೆ ಲಕ್ಷ ಹಿಡಿದರೂ 20 ಲಕ್ಷ. ಅದಕ್ಕೆ 15,000 ಬಾಡಿಗೆ ಬಂದರೆ ವರ್ಷಕ್ಕೆ ಶೇ. 9. ಇಲ್ಲಿ ಮಾತ್ರ ಬಾಡಿಗೆ ಇಎಂಐಗೆ ಹತ್ತಿರ ಬರುತ್ತದೆ. ಪಾಯ ತಾಳುತ್ತದೆಯೇ, ನಕ್ಷೆಗೆ ಮಂಜೂರಾತಿ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕ ಮೇಲೆ ಮುಂದುವರಿಯಿರಿ. ಈ ಸಾಲವನ್ನು ಬ್ಯಾಂಕು ಹಂತ ಹಂತವಾಗಿ ಬಿಡುತ್ತದೆ: ಲಿಂಟಲ್, ಮೋಲ್ಡು, ಪ್ಲಾಸ್ಟರಿಂಗು. ಪ್ರತಿ ಹಂತದಲ್ಲೂ ಮೊದಲು ನಿಮ್ಮ ದುಡ್ಡು ಹಾಕಿ ಕೆಲಸ ತೋರಿಸಿದ ಮೇಲೆ ಅದರ ಚೆಕ್ ಬರುತ್ತದೆ, ಹಾಗಾಗಿ ಮೇಸ್ತ್ರಿಗೆ ವಾರದ ಬಟವಾಡೆ ನಿಲ್ಲದಷ್ಟು ಹಣ ಕೈಯಲ್ಲಿ ಓಡಾಡುತ್ತಿರಬೇಕು.

ಎರಡನೆಯದು, ಊರು ಬದಲಿಸುವುದು. ತುಮಕೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕಾಲೇಜು, ಕೈಗಾರಿಕಾ ಪ್ರದೇಶ ಅಥವಾ ಆಸ್ಪತ್ರೆಯ ಹತ್ತಿರ ಮೂರು ಮನೆಯ ಸಣ್ಣ ಕಟ್ಟಡ ಕಡಿಮೆ ಬಂಡವಾಳದಲ್ಲಿ ಸಿಗುತ್ತದೆ. ಆದರೆ ಮೋಟರ್ ಕೆಟ್ಟರೆ ಹೋಗಿ ನೋಡುವ ಒಬ್ಬ ಭಾವಮೈದುನನೋ ಚಿಕ್ಕಪ್ಪನೋ ಆ ಊರಿನಲ್ಲಿ ಇರಬೇಕು. ಅಣ್ಣತಮ್ಮಂದಿರು ಸೇರಿ ಕೊಳ್ಳುವುದೂ ಉಂಟು. ಆಗ ಪಾಲುದಾರರೆಲ್ಲರೂ ಸಾಲಕ್ಕೂ ಸಹಿ ಹಾಕಬೇಕಾಗುತ್ತದೆ. ಒಬ್ಬರು ಕಂತು ತಪ್ಪಿದರೆ ಎಲ್ಲರ ಸಿಬಿಲ್ ಸ್ಕೋರೂ ಬೀಳುತ್ತದೆ, ಮುಂದೆ ಅವರವರ ಸ್ವಂತ ಮನೆಯ ಸಾಲಕ್ಕೂ ಅದು ಅಡ್ಡ ಬರುತ್ತದೆ. ಯಾರ ಪಾಲು ಎಷ್ಟು, ಯಾರಾದರೂ ಹೊರಬೀಳುವುದಾದರೆ ಬೆಲೆ ಕಟ್ಟುವುದು ಹೇಗೆ ಎಂದು ಪ್ರೀತಿ ಇರುವಾಗಲೇ ಬರೆದಿಟ್ಟುಕೊಳ್ಳಿ.

ಎಲ್ಲ ಕೂಡಿಬಂದು ಕ್ರಯಪತ್ರದ ದಿನ ಬಂದಾಗ ಮರೆಯುವ ಕೆಲವು ಕೆಲಸಗಳಿವೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಮಾಲೀಕರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ ಹಿಡಿದು ನೀವೇ ಕಟ್ಟಬೇಕು. ನಮ್ಮ ಕಟ್ಟಡಕ್ಕೆ 1.9 ಲಕ್ಷ. ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ ನಿಯಮವೂ ದರವೂ ಬೇರೆ, ಹೆಚ್ಚು. ಹಿಡಿಯದಿದ್ದರೆ ತೆರಿಗೆ ಇಲಾಖೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ನೋಂದಣಿ ಮುಗಿದ ಸಂಜೆಯೇ ಹಳೆಯ ಮಾಲೀಕರ ಜೊತೆ ಐದೂ ಮನೆಯ ಬಾಗಿಲಿಗೆ ಹೋಗಿ. "ಇನ್ನು ಮುಂದೆ ಬಾಡಿಗೆ ಇವರಿಗೆ ಕೊಡತಕ್ಕದ್ದು, ಅಡ್ವಾನ್ಸಿನ ಜವಾಬ್ದಾರಿ ಇವರದು" ಎಂಬ ಪತ್ರಕ್ಕೆ ಎಲ್ಲರ ಸಹಿ ತೆಗೆದುಕೊಂಡು, ಹೊಸ ಕರಾರು ನಿಮ್ಮ ಹೆಸರಿನಲ್ಲಿ ಮಾಡಿಸಿ, ಬಾಡಿಗೆ ಬಂದು ಬೀಳುವ ಖಾತೆಯಿಂದಲೇ ಇಎಂಐ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ.